ಅತ್ತೆಯ ಕಾರಿಗೆ ಗಂಡನ ಕಂಪ್ಯೂಟರಿನ ಕರೆಂಟು

ನಮ್ಮ ಮನೆಗೆ ಮೊದಲ ಸಲ ಬಂದವರು ಕೊಟ್ಟ ನೀರನ್ನು ಅರ್ಧ ಕುಡಿದು ಲೋಟ ಕೈಯಲ್ಲೇ ಹಿಡಿದು ಟಿವಿಯ ಪಕ್ಕಕ್ಕೆ ನೋಡುತ್ತಾ ಕೂಡುತ್ತಾರೆ. ಅಲ್ಲಿ ನಮ್ಮ ಯಜಮಾನರ ಹಳೆಯ ಕಂಪ್ಯೂಟರು ಒಂದು ಪಕ್ಕೆಯ ತಗಡು ಕಳಚಿಕೊಂಡು ಕೂತಿದೆ. ಅದರ ಒಳಗಿನಿಂದ ಕೆಂಪು, ಹಳದಿ, ಕಪ್ಪು ವೈರುಗಳು ಒಟ್ಟಾಗಿ ಹೊರಗೆ ಬಂದು ಪಕ್ಕದ ಇನ್ನೊಂದು ಡಬ್ಬದ ಹೊಟ್ಟೆಯೊಳಗೆ ಹೋಗುತ್ತವೆ. ಆ ಇನ್ನೊಂದು ಡಬ್ಬ, ಟಿವಿಗೆ ಸಿಕ್ಕಿಸಿ ವಿಡಿಯೋ ಗೇಮ್ ಆಡುವ ಯಂತ್ರ. ಗ್ಯಾಸ್ ಸಿಲಿಂಡರ್ ತರುವಾತ ಒಮ್ಮೆ ತಡೆಯಲಾರದೆ ಕೇಳಿಯೇಬಿಟ್ಟ.

"ಏನಕ್ಕಾರ ಇದು, ದವಾಖಾನಿ ಇದ್ದಂಗೈತಿ?"

"ಈ ಡಬ್ಬಿ ಆ ಡಬ್ಬಿಗೆ ರಕ್ತ ಕೊಡಾಕತ್ತೈತಿ" ಎಂದೆ. ಅವನು ನಂಬಿದನೋ ಬಿಟ್ಟನೋ, ಸಿಲಿಂಡರ್ ಇಳಿಸಿ ಲಗುಬಗೆಯಿಂದ ಹೊರಟುಹೋದ. ನಾನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ನಿಮಗಾದರೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ನಿಮಗೆ ಸಿಲಿಂಡರ್ ಇಳಿಸುವ ಅವಸರವಿಲ್ಲವಲ್ಲ. ಗೇಮಿನ ಯಂತ್ರ ನನ್ನ ಮಗಳದು. ಮದುವೆಯಾಗಿ ಕುರುಗೋಡಿಗೆ ಹೋಗುವಾಗ ಅವಳು ನನ್ನ ಎರಡು ಒಳ್ಳೆಯ ಸೀರೆ, ಇಡ್ಲಿ ಪಾತ್ರೆ, ಗೋಡೆಯ ಮೇಲಿದ್ದ ಗಡಿಯಾರ ಎಲ್ಲ ಎತ್ತಿಕೊಂಡು ಹೋದಳು. ಇದನ್ನು ಬಿಟ್ಟು ಹೋದಳು. "ಅಲ್ಲಿ ಆಡಾಕ ಪುರಸತ್ತು ಎಲ್ಲೈತಮ್ಮ" ಅಂದಳು. ಅದು ಟಿವಿಯ ಕೆಳಗೆ ಧೂಳು ತಿನ್ನುತ್ತ ಬಿದ್ದಿತ್ತು.

ಈಗ ನಮ್ಮ ಅತ್ತೆಯ ವಿಷಯ. ಅವರದು ತವರು ರಾರಾವಿ, ವಯಸ್ಸು ಎಪ್ಪತ್ತು ದಾಟಿದೆ, ಮೊಣಕಾಲು ಬಿಟ್ಟರೆ ಉಳಿದದ್ದೆಲ್ಲ ಗಟ್ಟಿ. ಅವರು ಕೆಟ್ಟವರಲ್ಲ. ನಾನೂ ಕೆಟ್ಟವಳಲ್ಲ, ಬೇಕಾದರೆ ನನ್ನನ್ನೇ ಕೇಳಿ. ಮದುವೆಯಾಗಿ ಬಳ್ಳಾರಿಗೆ ಬಂದಾಗಿನಿಂದ ನಮ್ಮಿಬ್ಬರಿಗೂ ಒಂದು ದಿನವೂ ಜಗಳವಾಗಿದ್ದಿಲ್ಲ. ಜಗಳವಾಗಬೇಕಾದರೆ ಮೊದಲು ಮಾತಾಡಬೇಕಲ್ಲ. ನಮ್ಮ ಮಾತೆಲ್ಲ ಅಡುಗೆಮನೆಯ ಬಾಗಿಲಲ್ಲೇ ಮುಗಿಯುತ್ತಿತ್ತು. "ಉಪ್ಪು ಹಾಕೀಯೇನು?" "ಹಾಕೀನ್ರಿ." ಅಷ್ಟಾದರೆ ಆ ದಿನದ ಲೆಕ್ಕ ಚುಕ್ತಾ. ಯಜಮಾನರು ಕುರುಗೋಡಿನ ಹೈಸ್ಕೂಲಿನಲ್ಲಿ ಹೆಡ್ ಮಾಸ್ತರು. ಬೆಳಿಗ್ಗೆ ಬಸ್ಸು ಹತ್ತಿದರೆ, ಸಾಲಿ ಬಿಟ್ಟ ಮೇಲೆ ಮಗಳ ಮನೆಯಲ್ಲಿ ಚಾ ಕುಡಿದು, ಬರುವಷ್ಟರಲ್ಲಿ ದೀಪ ಹಚ್ಚುವ ಹೊತ್ತು. ಅಲ್ಲಿಯವರೆಗೆ ಮನೆಯಲ್ಲಿ ನಾವಿಬ್ಬರು ಮತ್ತು ಫ್ಯಾನಿನ ಸದ್ದು.

ಒಂದು ಮಧ್ಯಾಹ್ನ ಧೂಳು ಒರೆಸುತ್ತಿದ್ದವಳಿಗೆ ಏನು ತಿಳಿಯಿತೋ, ಯಂತ್ರದ ಗುಂಡಿ ಒತ್ತಿದೆ. ಒಳಗೊಂದು ಕಾರ್ ರೇಸಿನ ಡಿಸ್ಕು ಇತ್ತು. ಟಿವಿಯ ಮೇಲೆ ರಸ್ತೆ ಬಂತು, ಕಾರು ಬಂತು, ಕಾರು ಹೋಗಿ ಗೋಡೆಗೆ ಗುದ್ದಿತು. ಮತ್ತೆ ಗುದ್ದಿತು. ಹಿಂದಿನಿಂದ ದನಿ ಬಂತು.

"ಗ್ವಾಡಿ ಕಾಣವಲ್ದೇನು? ಬಲಕ್ಕ ಹೊಳ್ಳಸು."

ಹೊರಳಿ ನೋಡಿದರೆ ಅತ್ತೆ, ಕನ್ನಡಕ ಏರಿಸಿಕೊಂಡು ನಿಂತಿದ್ದಾರೆ. ಬಲಕ್ಕೆ ಹೊರಳಿಸಿದೆ, ಕಾರು ಹೋಯಿತು. ಸ್ವಲ್ಪ ಹೊತ್ತು ಬಿಟ್ಟು ಅವರು ಸೋಫಾದ ಆ ತುದಿಗೆ ಕೂತು ಕೈ ಚಾಚಿದರು. "ಇನ್ನೊಂದು ರಿಮೋಟ್ ಐತಲ್ಲ, ಅದನ್ನ ಕೊಡಿಲ್ಲಿ."

ಆವತ್ತಿನಿಂದ ಊಟದ ನಂತರ ನಮ್ಮ ರೇಸು. ಟಿವಿ ಎರಡು ಭಾಗವಾಗುತ್ತಿತ್ತು, ಮೇಲಿನ ಅರ್ಧ ಅವರದು, ಕೆಳಗಿನ ಅರ್ಧ ನನ್ನದು. ಅತ್ತೆಯ ಡ್ರೈವಿಂಗ್ ನೀವು ನೋಡಬೇಕು. ಒಮ್ಮೆ ಗುಂಡಿಯ ಮೇಲೆ ಹೆಬ್ಬೆರಳು ಇಟ್ಟರೆಂದರೆ ರೇಸು ಮುಗಿಯುವ ತನಕ ತೆಗೆಯುವುದಿಲ್ಲ. ರಸ್ತೆ ಹೊರಳಿದರೂ ಅವರು ಹೊರಳುವುದಿಲ್ಲ, ಬೇಲಿ ಮುರಿದು ಸೀದಾ ಹೊಲದಲ್ಲಿ. "ಅತ್ತಿ, ಹಾದಿ ಈ ಕಡಿ ಐತ್ರಿ" ಅಂದರೆ, "ಹೊಲದಾಗ ಹಾದಿ ಇರಂಗಿಲ್ಲೇನು?" ಅನ್ನುತ್ತಿದ್ದರು. ಯಾರು ಗೆದ್ದರು ಎಂದು ಯಂತ್ರ ಇಂಗ್ಲಿಷಿನಲ್ಲಿ ಬರೆಯುತ್ತಿತ್ತು. "ಯಾರು?" ಎಂದು ಅವರು ಕೇಳುತ್ತಿದ್ದರು. "ನೀವ್ರಿ" ಎಂದು ನಾನು ಹೇಳುತ್ತಿದ್ದೆ. ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಆದರೆ ನಾನು ಹೇಳಹೊರಟಿದ್ದು ಕಾರಿನ ವಿಷಯವಲ್ಲ. ಇಬ್ಬರ ಕಣ್ಣೂ ಟಿವಿಯ ಮೇಲಿರುವಾಗ ಬಾಯಿ ತಾನೇ ತಾನಾಗಿ ಬಿಚ್ಚಿಕೊಳ್ಳುತ್ತದೆ, ನೋಡಿ. ಒಬ್ಬರ ಮುಖ ಒಬ್ಬರು ನೋಡುವ ಹಂಗಿಲ್ಲ. ಅತ್ತೆ ಹುಡುಗಿಯಾಗಿದ್ದಾಗ ಅಣ್ಣನ ಸೈಕಲ್ಲು ಕದ್ದು ಕಾಲುವೆ ಏರಿಯ ಮೇಲೆ ಹೊಡೆದದ್ದು, ಸೀದಾ ಭತ್ತದ ಗದ್ದೆಗೆ ಬಿದ್ದದ್ದು, ಕೆಸರು ಮೆತ್ತಿದ ಲಂಗವನ್ನು ಅವ್ವನಿಗೆ ಕಾಣದಂತೆ ತೊಳೆದದ್ದು, ಇವೆಲ್ಲ ನನಗೆ ಗೊತ್ತಾದದ್ದು ರೇಸಿನ ನಡುವೆ. ಒಂದು ದಿನ ನಾನು ಬಲು ಎಚ್ಚರಿಕೆಯಿಂದ ತಿರುವಿನಲ್ಲಿ ಹೋಗುತ್ತಿದ್ದೆ. ಅತ್ತೆ ಕಣ್ಣು ಕೀಳದೆ ಅಂದರು, "ನೀ ಈ ಮನಿಗಿ ಬಂದು ಮೊದಲನೇ ಸಲ ಮಾಡಿದ ಬ್ಯಾಳಿ ಸಾರು ಭಾಳ ಚಲೋ ಆಗಿತ್ತು."

"ಆವಾಗ ಹೇಳಬೇಕಿಲ್ರಿ?"

"ಹೊಸ ಸೊಸಿಗೆ ಹಂಗೆಲ್ಲ ಹೇಳತಾರೇನು?"

ನನ್ನ ಕಾರು ಹೋಗಿ ಕಂಬಕ್ಕೆ ಗುದ್ದಿತು. ಮಗಳು ಹುಟ್ಟಿ, ಬೆಳೆದು, ಮದುವೆಯಾಗಿ ಹೋದ ಮೇಲೆ ಬಂದ ಮೆಚ್ಚುಗೆ ಅದು. ರಾತ್ರಿ ಯಜಮಾನರಿಗೆ ಅದೇ ಸಾರು ಮಾಡಿ ಬಡಿಸಿದೆ, ಅವರು ಪೇಪರ್ ಓದುತ್ತ ತಿಂದರು.

ಇಂಥ ಸುಖದ ಮೇಲೆ ಯಾರ ಕಣ್ಣು ಬಿತ್ತೋ. ಕಳೆದ ಬೇಸಿಗೆ, ಬಳ್ಳಾರಿಯ ಬಿಸಿಲು ಗೋಡೆಯೊಳಗೂ ನುಗ್ಗುತ್ತಿದ್ದ ದಿನಗಳಲ್ಲಿ, ಯಂತ್ರದ ಡಿಸ್ಕ್ ಡ್ರೈವು ಸತ್ತಿತು. ಡಿಸ್ಕು ಒಳಗೆ ಗಿರಗಿರ ತಿರುಗಿದರೆ ಮಾತ್ರ ಆಟ. ಅದು ತಿರುಗಲೊಲ್ಲದು, ಡಿಸ್ಕು ಇಡುವ ಟ್ರೇ ಹೊರಗೂ ಬರಲೊಲ್ಲದು. ಟಿವಿಯ ಮೇಲೆ ಮಾತ್ರ "ಡಿಸ್ಕು ಹಾಕಿ" ಎಂಬ ಸೂಚನೆ ಬರುತ್ತದೆ. ಒಳಗಿದೆಯಲ್ಲೋ ಮಹರಾಯ ಎಂದು ಅದಕ್ಕೆ ಹೇಳುವವರು ಯಾರು?

ಕೌಲ್ ಬಜಾರಿನಲ್ಲಿ ರಿಪೇರಿ ಮಾಡುವ ರಫೀಕ್ ಭಾಯ್ ಹತ್ತಿರ ಒಯ್ದೆ. ಅವರು ಬಿಚ್ಚಿ ನೋಡಿ ಹೇಳಿದರು, "ಅಕ್ಕಾ, ಡ್ರೈವು ಚಲೋ ಐತಿ. ಅದಕ್ಕ ಕರೆಂಟ್ ಕೊಡೋ ಜಾಗ ಬೋರ್ಡಿನಾಗ ಹೋಗೈತಿ. ಈ ಬೋರ್ಡ್ ಈಗ ಸಿಗಂಗಿಲ್ಲ. ಶೋಕೇಸಿನಾಗ ಇಟ್ಟುಬಿಡ್ರಿ."

"ಬ್ಯಾರೆ ಕಡಿಯಿಂದ ಕರೆಂಟ್ ಕೊಟ್ರ?"

"ಕೊಟ್ರ ಓಡತೈತಿ. ಮನ್ಯಾಗ ಕಂಪ್ಯೂಟರ್ ಇದ್ರ ಅದರಾಗಿಂದ ತೊಗೋಬಹುದು. ಆದ್ರ ಒಂದು ಆಟದ ಡಬ್ಬಿ ಸಲುವಾಗಿ ಕಂಪ್ಯೂಟರ್ ಬಿಚ್ಚೋರು ಯಾರದಾರಕ್ಕಾ?" ಎಂದು ನಕ್ಕರು. ಅವರು ಆಡಿದ್ದು ಚೇಷ್ಟೆಗೆ. ನಾನು ಮಾತನ್ನು ಗಂಟು ಕಟ್ಟಿಕೊಂಡು ಬಂದೆ.

ಅತ್ತೆ "ಹೋಗ್ಲಿ ಬಿಡು, ಆಟಿಗಿ ಸಾಮಾನು" ಅಂದರು. ಮರುದಿನದಿಂದ ಊಟವಾದ ಮೇಲೆ ಬಾಗಿಲ ಕಡೆ ಕುರ್ಚಿ ಹಾಕಿಕೊಂಡು ಕೂತರು. ಏನು ಕೇಳಿದರೂ "ಹ್ಞೂ." ಸೋಫಾದ ಮೇಲೆ ಮಾತಾಡಿದ ಅತ್ತೆ ಇವರೇನಾ ಅನ್ನಿಸಿತು. ನಾನೂ ಕುರ್ಚಿ ಹಾಕಿಕೊಂಡು ಎದುರಿಗೆ ಕೂತು ನೋಡಿದೆ. ಎದುರಿಗೆ ಕೂತರೆ ಇಬ್ಬರಿಗೂ ಮತ್ತೆ ಉಪ್ಪಿನ ವಿಷಯ ಬಿಟ್ಟು ಬೇರೆ ಹೊಳೆಯುವುದಿಲ್ಲ. ಕೆಲವು ದಿನಕ್ಕೆ ಸಿರುಗುಪ್ಪದಿಂದ ಭಾವನವರ ಫೋನು ಬಂತು, ಅಂದರೆ ಯಜಮಾನರ ಅಣ್ಣ. ಅಲ್ಲಿ ದೊಡ್ಡ ಮನೆ, ಮೊಮ್ಮಕ್ಕಳ ಗದ್ದಲ, ಎಮ್ಮೆ ಕರು. ಅತ್ತೆ ನನಗೆ ಕೇಳಿಸುವ ಹಾಗೇ ಫೋನಿನಲ್ಲಿ ಅಂದರು, "ಇಲ್ಲಿ ಹೊತ್ತು ಹೋಗವಲ್ದು. ಅಮಾಸಿ ಕಳದ ಮ್ಯಾಲೆ ಬಂದು ಕರಕೊಂಡು ಹೋಗು. ಇನ್ನ ಅಲ್ಲೇ ಇರ್ತೀನಿ."

ಒರೆಸಿದ ತಟ್ಟೆಯನ್ನೇ ನಾನು ಮತ್ತೆ ಒರೆಸಿದೆ. ಬೇಜಾರು ಅನ್ನಿ, ಸಿಟ್ಟು ಅನ್ನಿ. ಇಷ್ಟು ವರ್ಷಕ್ಕೆ ಒಬ್ಬ ಗೆಳತಿ ಸಿಕ್ಕಿದ್ದಳು, ಅವಳು ಚೀಲ ಕಟ್ಟುತ್ತಿದ್ದಾಳೆ. ಅವರು ಹೋಗುವುದು ನನಗೆ ಬೇಡವಾಗಿತ್ತು. ಅಮಾವಾಸ್ಯೆಗೆ ಹೆಚ್ಚು ದಿನವಿರಲಿಲ್ಲ. ಅಷ್ಟರೊಳಗೆ ಆ ಡ್ರೈವು ತಿರುಗಲೇಬೇಕು ಎಂದು ಹಟ ಹಿಡಿದೆ.

ನಾನು ಹಚ್ಚೊಳ್ಳಿಯ ಪಂಪ್‌ಸೆಟ್ಟಿನ ಮಗಳು. ಅಪ್ಪನ ಮಗಳು ಆಮೇಲೆ. ಕಾಲುವೆ ನೀರನ್ನು ಮೋಟರು ಹಚ್ಚಿ ಮೇಲಿನ ಹೊಲಕ್ಕೆ ಏರಿಸುವ ಮನೆ ನಮ್ಮದು. ಕರೆಂಟು ಯಾವಾಗ ಬರುತ್ತದೋ ಯಾವಾಗ ಹೋಗುತ್ತದೋ ಅಪ್ಪನಿಗೂ ದೇವರಿಗೂ ಗೊತ್ತಿರಲಿಲ್ಲ. ಬಂದ ಕೂಡಲೇ ನಾನು, ನನ್ನ ತಮ್ಮ ವೀರೇಶ ಕಾಲುವೆಯ ತನಕ ಓಡಬೇಕು, ಪೈಪಿನಲ್ಲಿ ನೀರು ಬಿತ್ತೋ ಇಲ್ಲವೋ ನೋಡಿ ಕೂಗಬೇಕು. ಟ್ರಾನ್ಸ್‌ಫಾರ್ಮರ್ ರಿಪೇರಿಯಾದಾಗಲೆಲ್ಲ ಒಂದು ತಮಾಷೆ ಆಗುತ್ತಿತ್ತು. ಮೋಟರು ಜೋರಾಗಿ ಓಡುತ್ತದೆ, ನೀರು ಮಾತ್ರ ಬರುವುದಿಲ್ಲ. "ಉಲ್ಟಾ ತಿರುಗಾಕತ್ತೈತಿ" ಎಂದು ನಾವು ಕೂಗಿದರೆ ಅಪ್ಪ ಸ್ಟಾರ್ಟರಿನಲ್ಲಿ ಮೂರು ವೈರಿನ ಪೈಕಿ ಯಾವುದಾದರೂ ಎರಡನ್ನು ಅದಲು ಬದಲು ಮಾಡುತ್ತಿದ್ದ. ದಬದಬ ನೀರು. ಮಗ್ಗಿ ಬಾಯಿಪಾಠ ಆಗುವ ಮೊದಲೇ ಈ ವಿದ್ಯೆ ನಮಗೆ ಬಾಯಿಪಾಠವಾಗಿತ್ತು. ಉಲ್ಟಾ ತಿರುಗಿದರೆ ಎರಡು ವೈರು ಬದಲಿಸು, ಮುಗಿಯಿತು. ವೀರೇಶ ಮುಂದೆ ಅದರಿಂದಲೇ ಹೊಟ್ಟೆ ಹೊರೆದುಕೊಂಡ. ಹಚ್ಚೊಳ್ಳಿ ಸುತ್ತ ಯಾವ ಮೋಟರು ಕೆಮ್ಮಿದರೂ ಅವನಿಗೇ ಕರೆ.

ಫೋನು ಮಾಡಿದೆ. ಒಂದು ಚೀಲ ಹೊಸ ಅಕ್ಕಿಯ ಜೊತೆ, ಸ್ಕ್ರೂಡ್ರೈವರ್, ಟೆಸ್ಟರ್, ಟೇಪು ಇಟ್ಟುಕೊಂಡು ಬಸ್ಸಿನಲ್ಲಿ ಬಂದಿಳಿದ. ವಿಷಯ ಕೇಳಿ ಅವನಿಗೆ ನಗು.

"ಇಷ್ಟಕ್ಕ ಕರದೀಯೇನಕ್ಕಾ? ಕರೆಂಟ್ ಅಂದ್ರ ಕರೆಂಟ. ಹತ್ತು ಎಚ್ ಪಿ ಮೋಟರ್ ಮಾತು ಕೇಳತೈತಿ, ಇದು ಅಂಗೈಯಷ್ಟಿಲ್ಲ."

ಆದರೆ ಕಂಪ್ಯೂಟರು ಯಜಮಾನರದು. ಅವರು ಪ್ರಶ್ನೆಪತ್ರಿಕೆ ಬರೆಯುವುದು ಅದರಲ್ಲೇ. ನನ್ನ ಕೈಯಿಂದಲೇ ಕಸೂತಿ ಹಾಕಿಸಿದ ಮುಸುಕು ಅದಕ್ಕಿದೆ. ಆಯುಧ ಪೂಜೆಯ ದಿನ ಅದಕ್ಕೆ ಅರಿಸಿನ ಕುಂಕುಮ, ಸೇವಂತಿಗೆ ಹಾರ. ಮನೆಯಲ್ಲಿ ಹೆಂಡತಿಗೆ ಹೂವು ತರಲು ಮರೆತರೂ ಅದಕ್ಕೆ ಮರೆಯುವುದಿಲ್ಲ. ನಾನು ಮುಸುಕು ತೆಗೆದೆ. ಅತ್ತೆ ಬಾಗಿಲ ಹತ್ತಿರದ ಕುರ್ಚಿಯಿಂದ ಎದ್ದು ಬಂದರು.

"ಅವನ ಕಂಪ್ಯೂಟರ್ ಬಿಚ್ಚಾಕತ್ತೀರಿ, ಅವನ್ನ ಕೇಳೀರೇನು?"

"ಇಲ್ರಿ ಅತ್ತಿ."

ಅವರು ಸ್ವಲ್ಪ ಯೋಚಿಸಿದರು. "ಹಂಗಾರ ಲಗೂ ಬಿಚ್ಚ್ರಿ" ಅಂದರು.

ಒಳಗೆ ಬಳಸದೆ ಬಿಟ್ಟ ಒಂದು ಪ್ಲಗ್ಗು ಇತ್ತು, ಅದಕ್ಕೆ ಕೆಂಪು, ಹಳದಿ, ಕಪ್ಪು ವೈರು. ವೀರೇಶ ಅದನ್ನು ಕತ್ತರಿಸಿ, ಡ್ರೈವಿನ ವೈರಿಗೆ ಬಣ್ಣಕ್ಕೆ ಬಣ್ಣ ಕೂಡಿಸಿ ಟೇಪು ಸುತ್ತಿದ. ಕಂಪ್ಯೂಟರು ಚಾಲೂ ಮಾಡಿದೆವು. ಡ್ರೈವು ಗುರ್ ಅಂದಿತು. ಎಷ್ಟೋ ದಿನಕ್ಕೆ ಅದರ ದನಿ ಕೇಳಿ ನನಗೆ ಜೀವ ಬಂದಂತಾಯಿತು. ಟ್ರೇ ಎರಡು ಬೆರಳಿನಷ್ಟು ಹೊರಗೆ ಬಂತು. ಬಂದದ್ದು ನಿಲ್ಲಲಿಲ್ಲ, ಒಳಗೆ ಹೋಯಿತು. ಮತ್ತೆ ಬಂತು, ಮತ್ತೆ ಹೋಯಿತು.

ನಾನೂ ವೀರೇಶನೂ ಮುಖ ಮುಖ ನೋಡಿಕೊಂಡೆವು. ಇಬ್ಬರ ಬಾಯಿಂದಲೂ ಒಟ್ಟಿಗೇ ಬಂತು. "ಉಲ್ಟಾ ತಿರುಗಾಕತ್ತೈತಿ."

ಆ ಕ್ಷಣ ನನಗೆ ಎಷ್ಟು ಹೆಮ್ಮೆಯಾಯಿತು ಅಂದರೆ, ಅಪ್ಪ ಇದ್ದಿದ್ದರೆ ನೋಡಬೇಕಿತ್ತು ಅಂದುಕೊಂಡೆ. ವೀರೇಶ ಟೇಪು ಬಿಚ್ಚಿದ, ನಾನು ವೈರು ಹಿಡಿದುಕೊಟ್ಟೆ. ಕೆಂಪನ್ನು ಹಳದಿಗೆ, ಹಳದಿಯನ್ನು ಕೆಂಪಿಗೆ. ಗುಂಡಿ ಒತ್ತಿದೆವು.

ಟಪ್ ಅಂದಿತು. ಡ್ರೈವಿನ ಮೂಲೆಯಿಂದ ಒಂದು ಎಳೆ ಹೊಗೆ ಎದ್ದಿತು. ಕಂಪ್ಯೂಟರು ಆರಿಹೋಯಿತು. ಮನೆ ತುಂಬ ಸುಟ್ಟ ರಬ್ಬರಿನ ವಾಸನೆ.

"ಪಂಪ್‌ಸೆಟ್ ಹಿಂಗ ಮಾಡಂಗಿಲ್ಲ" ಅಂದ ವೀರೇಶ, ಡ್ರೈವು ತನಗೆ ಅವಮಾನ ಮಾಡಿತೆಂಬ ಹಾಗೆ.

ಮಗಳು ಆವತ್ತು ಮನೆಯಲ್ಲಿರಲಿಲ್ಲವಂತೆ, ಅಪ್ಪನಿಗೆ ಚಾ ಸಿಗಲಿಲ್ಲವಂತೆ, ಯಜಮಾನರು ಬೇಗ ಬಂದರು. ಚಪ್ಪಲಿ ಕೂಡ ಬಿಡದೆ ಬಾಗಿಲಲ್ಲಿ ನಿಂತರು. ಮುಸುಕು ನೆಲದ ಮೇಲೆ, ತಗಡು ಸೋಫಾದ ಮೇಲೆ, ಕಂಪ್ಯೂಟರಿನ ಕರುಳು ಹೊರಗೆ. ಅವರು ಕೂಗಾಡುವವರಲ್ಲ. ಸಾಲಿಯಲ್ಲಿ ಕಿಟಕಿ ಗಾಜು ಒಡೆದಾಗ ಕೇಳುವ ದನಿಯಲ್ಲಿ ಕೇಳಿದರು.

"ಯಾರು ಮಾಡಿದ್ದು ಇದು?"

ವೀರೇಶ ಅಕ್ಕಿಯ ಚೀಲವನ್ನು ನೋಡತೊಡಗಿದ. ನಾನು ಬಾಯಿ ತೆರೆದೆ. ನನ್ನ ಮಾತು ಹೊರಡುವ ಮೊದಲೇ ಹಿಂದಿನಿಂದ ಬಂತು.

"ನಾನ."

"ಅವ್ವಾ, ನೀನಾ?"

"ನಾನ ಬಿಚ್ಚಾಕ ಹೇಳಿದ್ದು. ಅದೇನು ಗುಡಿಯಾಗಿನ ದ್ಯಾವರೇನು, ಮುಟ್ಟಬಾರದನ್ನಾಕ? ಹೋಗು, ಕೈಕಾಲು ತೊಳಕೊ. ರತ್ನಾ, ಅವಗ ಚಾ ಮಾಡು."

ಕುರುಗೋಡಿನ ಹೈಸ್ಕೂಲು ಪೂರ್ತಿ ಹೆದರುವ ಮನುಷ್ಯ ಸುಮ್ಮನೆ ಬಚ್ಚಲ ಕಡೆ ನಡೆದರು. ನಾನು ಚಾ ಇಟ್ಟು ಒಲೆಯ ಮುಂದೆ ನಿಂತೆ. ಮದುವೆಯಾದಾಗಿನಿಂದ ಅತ್ತೆ ನನ್ನ ಪರವಾಗಿ ಮಗನ ಎದುರು ನಿಂತದ್ದು ಅದೇ ಮೊದಲು. ಚಾ ಉಕ್ಕಿ ಒಲೆಯ ಮೇಲೆಲ್ಲ ಹರಿದಾಗ ಎಚ್ಚರವಾಯಿತು.

ಮರುದಿನ ರಫೀಕ್ ಭಾಯ್ ಡ್ರೈವು ನೋಡಿ, ನಮ್ಮ ಕತೆ ಕೇಳಿ, ಪಕ್ಕದ ಅಂಗಡಿಯವರನ್ನೂ ಕರೆದು ಮತ್ತೊಮ್ಮೆ ನನ್ನ ಬಾಯಿಂದ ಹೇಳಿಸಿದರು. "ಇದೇನು ಮೂರು ಫೇಸ್ ಮೋಟರ್ ಅಂದ್ಕೊಂಡ್ರೇನಕ್ಕಾ? ಕೆಂಪಿನಾಗ ಐದು ವೋಲ್ಟ್, ಹಳದಿಯಾಗ ಹನ್ನೆರಡು. ಐದು ಕುಡಿಯೋ ಬಾಯಿಗೆ ಹನ್ನೆರಡು ಹುಯ್ದೀರಿ." ಒಳಗಿದ್ದ ಒಂದು ಸಣ್ಣ ಸಾಮಾನು ತಾನು ಸುಟ್ಟುಕೊಂಡು ಉಳಿದದ್ದನ್ನು ಉಳಿಸಿತ್ತಂತೆ. ಕಂಪ್ಯೂಟರು ಕೆಟ್ಟಿರಲಿಲ್ಲ, ಅಪಾಯ ಕಂಡು ತಾನೇ ಆರಿತ್ತಂತೆ. ಟ್ರೇ ಒಳಗೆ ಹೊರಗೆ ಆಡಿದ್ದು ಯಾಕೆ ಎಂದು ಕೇಳಿದೆ. ಅದಕ್ಕೆ ಹುಕುಂ ಕೊಡುವುದು ಗೇಮಿನ ಯಂತ್ರ, ಅದನ್ನು ನಾವು ಚಾಲೂ ಮಾಡಿರಲೇ ಇಲ್ಲ. "ಹೇಳೋರಿಲ್ಲ ಕೇಳೋರಿಲ್ಲ, ಪಾಪ ಅದು ಏನು ಮಾಡತೈತಿ?" ಎಂದರು. ಉಲ್ಟಾ ಏನೂ ತಿರುಗಿರಲಿಲ್ಲ, ನಮ್ಮಿಬ್ಬರ ತಲೆ ಬಿಟ್ಟು. ಸುಟ್ಟದ್ದನ್ನು ಬದಲಿಸಿ, ವೈರಿಗೆ ಸರಿಯಾದ ಪ್ಲಗ್ಗು ಬೆಸೆದು ಕೊಡುವಷ್ಟರಲ್ಲಿ ಅಮಾವಾಸ್ಯೆಯೇ ಬಂದುಬಿಟ್ಟಿತು. ವೀರೇಶನಿಗೆ ಫೋನು ಮಾಡಿದರೆ, "ಅಮಾಸಿ ದಿನ ನಾ ಕರೆಂಟ್ ಮುಟ್ಟಂಗಿಲ್ಲಕ್ಕಾ" ಅಂದ. ಹೊಗೆ ಕಂಡವನಿಗೆ ಯಾವ ದಿನವೂ ಅಮಾವಾಸ್ಯೆಯೇ.

ಅಮಾವಾಸ್ಯೆಯ ಮರುದಿನ ಊಟವಾದ ಮೇಲೆ ನಾನೇ ರಿಪೇರಿಗೆ ಕೂತೆ. ಅತ್ತೆಯ ಚೀಲ ಬಾಗಿಲ ಹತ್ತಿರ ಕಟ್ಟಿಟ್ಟದ್ದು ಕಾಣುತ್ತಿತ್ತು, ಆ ಕಡೆ ನೋಡಲಿಲ್ಲ. ಅವರು ಬಂದು ಪಕ್ಕದಲ್ಲಿ ನೆಲಕ್ಕೇ ಕೂತು, ಮೊಣಕಾಲು ನೀವಿಕೊಳ್ಳುತ್ತ ಬ್ಯಾಟರಿಯ ಬೆಳಕು ಬಿಟ್ಟು ಹಿಡಿದರು. ಇಬ್ಬರೂ ಕಂಪ್ಯೂಟರಿನ ಒಳಗೆ ಬಗ್ಗಿದ್ದೆವು.

"ನಿನ್ನ ತಮ್ಮಂದು ಎಲ್ಲಾ ಗಡಿಬಿಡಿ. ನಿನ್ನ ಕೈ ಚಲೋ ಐತಿ, ಸಾವಕಾಶ ಮಾಡು" ಅಂದರು.

ಸಾವಕಾಶ ಮಾಡಿದೆ. ಕೆಂಪಿಗೆ ಕೆಂಪು, ಹಳದಿಗೆ ಹಳದಿ. ಮೊದಲು ಕಂಪ್ಯೂಟರು ಚಾಲೂ, ಆಮೇಲೆ ಯಂತ್ರ. ಗುಂಡಿ ಒತ್ತಿದರೆ ಟ್ರೇ ಪೂರ್ತಿ ಹೊರಗೆ ಬಂದು, ತಟ್ಟೆ ಚಾಚಿದ ಹಾಗೆ ನಿಂತಿತು. ಡಿಸ್ಕನ್ನು ಸೆರಗಿನಿಂದ ಒರೆಸಿ ಇಟ್ಟೆ. ಯಜಮಾನರ ಕಂಪ್ಯೂಟರು ಕರೆಂಟು ಉಣಿಸಿತು, ಡಿಸ್ಕು ತಿರುಗಿತು, ರಸ್ತೆ ಬಂತು. ಅತ್ತೆ ಮೂರು ಬೇಲಿ ಮುರಿಯುವಷ್ಟರಲ್ಲಿ ಹೊರಗೆ ಕಾರು ನಿಂತಿತು, ನಿಜವಾದ ಕಾರು. ಭಾವನವರು.

"ಅವ್ವಾ, ತಯಾರಿದಿಯೇನು?"

"ಬರಂಗಿಲ್ಲ" ಅಂದರು ಅತ್ತೆ, ಟಿವಿಯಿಂದ ಕಣ್ಣು ಕೀಳದೆ.

"ಅಮಾಸಿ ಕಳದ ಮ್ಯಾಲೆ ಬರ್ತೀನಿ ಅಂದಿದ್ದಿಯಲ್ಲ?"

"ಯಾವ ಅಮಾಸಿ ಅಂತ ಹೇಳಿದ್ನೇನು?"

ಭಾವನವರು ಉಂಡು, ಚಾ ಕುಡಿದು, ತಾಯಿ ಹೊಲದಲ್ಲಿ ಕಾರು ಓಡಿಸುವುದನ್ನು ನೋಡಿ, ತಲೆ ಕೆರೆದುಕೊಂಡು ಸಿರುಗುಪ್ಪಕ್ಕೆ ಹೊರಟರು. ನನಗೆ ಗೆದ್ದ ಮದ. ಬಾಗಿಲು ಹಾಕಿ ಬಂದು ಸೋಫಾದ ಮೇಲೆ ಕೂತು ಅಂದೆ, "ನೋಡ್ರಿ ಅತ್ತಿ, ಆಟ ಸರಿ ಮಾಡಿದೆ, ನೀವು ಉಳಕೊಂಡ್ರಿ."

ಅತ್ತೆ ರಿಮೋಟು ಕೆಳಗಿಟ್ಟರು. ಅವರ ಕಾರು ರಸ್ತೆಯ ನಡುವೆ ನಿಂತಿತು. ಅವರು ಪೂರ್ತಿ ನನ್ನ ಕಡೆ ಹೊರಳಿ, ನನ್ನ ಮುಖ ನೋಡಿದರು.

"ಆಟಕ್ಕ ಉಳಕೊಂಡೆ ಅಂತ ತಿಳದೀಯೇನು? ಕಂಪ್ಯೂಟರ್ ಬಿಚ್ಚಿದಿ, ತಮ್ಮನ್ನ ಕರಸಿದಿ, ಮನಿತುಂಬ ಹೊಗಿ ಎಬ್ಬಿಸಿದಿ. ಇರ್ರಿ ಅಂತ ಒಂದು ಮಾತು ಅಂದಿಯೇನು?"

"ಮತ್ತ ಯಾಕ ಉಳದ್ರಿ?" ಎಂದೆ.

"ನೀ ಅನ್ನೋತನ ಇರೋಣಂತ."

ಟಿವಿಯ ಕಡೆ ನೋಡಿಬಿಡೋಣ ಅನ್ನಿಸಿತು. ಅಲ್ಲಿ ನೋಡುತ್ತ ಹೇಳುವುದಾದರೆ ನೂರು ಸಲ ಹೇಳುತ್ತಿದ್ದೆ. ಅವರು ಕಣ್ಣು ತೆಗೆಯಲಿಲ್ಲ, ನಾನೂ ತೆಗೆಯಲಾಗಲಿಲ್ಲ.

"ಇರ್ರಿ, ಅತ್ತಿ" ಎಂದೆ.

ಅತ್ತೆ ಸೆರಗಿನಿಂದ ಕನ್ನಡಕ ಒರೆಸಿಕೊಂಡರು.

"ಈಗ ಆತು" ಅಂದರು. "ಇನ್ನ ಸಿರುಗುಪ್ಪಕ್ಕ ಹೋದ್ರೂ, ವಾಪಸ್ ಬರಾಕ ನನಗೊಂದು ಮನಿ ಆತು."